ಎಂಟು ಮಂದಿಯ ಹರಟೆಕಟ್ಟೆ, ಐದು ಸರ್ವರುಗಳು

ಕಾಲೇಜಿನ ದಿನಗಳಿಂದ ಜೊತೆಗಿರುವ ನಾವು ಎಂಟು ಮಂದಿ ನಮ್ಮ ವಾಟ್ಸ್‌ಆ್ಯಪ್ ಗುಂಪನ್ನು ಬಿಟ್ಟು, ಬೇರೆ ಬೇರೆಯವರು ನಡೆಸುವ ಸರ್ವರುಗಳು ಕೂಡಿ ಆದ ಸಾಮಾಜಿಕ ಜಾಲ ಮ್ಯಾಸ್ಟಡಾನ್‌ಗೆ ಹೋಗುವುದೆಂದು ತೀರ್ಮಾನಿಸಿದೆವು. ಜಾಹೀರಾತಿಲ್ಲ, ಒಬ್ಬ ಒಡೆಯನ ಹಂಗಿಲ್ಲ, ಯಾವ ಸರ್ವರಿನಲ್ಲಿ ಖಾತೆ ತೆರೆದರೂ ಉಳಿದ ಸರ್ವರಿನವರೊಡನೆ ಮಾತನಾಡಬಹುದು ಎಂಬುದು ನಮ್ಮನ್ನು ಸೆಳೆದಿತ್ತು. ಒಬ್ಬೊಬ್ಬರೂ ತಮಗೆ ತೋಚಿದ ಸರ್ವರನ್ನು ಆರಿಸಿಕೊಂಡದ್ದರಿಂದ ಎಂಟು ಜನ ಐದು ಕಡೆ ಹಂಚಿಹೋದೆವು. ಆಗ ಅದೊಂದು ದೊಡ್ಡ ಸಂಗತಿ ಎನಿಸಲಿಲ್ಲ.

ಹೋದ ಮೇಲೆ ತಿಳಿದದ್ದೇನೆಂದರೆ, ನಾವು ಅಂದುಕೊಂಡಂಥ ಖಾಸಗಿ ಗುಂಪು ಅಲ್ಲಿಲ್ಲ. ಮ್ಯಾಸ್ಟಡಾನ್‌ನಲ್ಲಿ ಗೆಳೆಯರ ಪಟ್ಟಿ ಮಾಡಿಕೊಳ್ಳಬಹುದು, ಆದರೆ ಅದು ಅವರು ಬರೆದದ್ದನ್ನು ಒಟ್ಟಿಗೆ ಓದುವುದಕ್ಕಷ್ಟೇ. ನಾವು ಬರೆದದ್ದನ್ನು ಆ ಪಟ್ಟಿಗೆ ಮಾತ್ರ ಕಳುಹಿಸಲು ಬರುವುದಿಲ್ಲ. 2010ರಲ್ಲಿ ಆರಂಭವಾದ, ಇಂಥದೇ ಹಂಚಿಹೋದ ಜಾಲವಾದ ಡಯಾಸ್ಪೊರಾದಲ್ಲಿ ಮನೆಯವರು, ಗೆಳೆಯರು, ಕಚೇರಿಯವರು ಎಂದು ವಿಂಗಡಿಸಿ ಬರೆಯುವ ‘ಆಸ್ಪೆಕ್ಟ್’ ವ್ಯವಸ್ಥೆ ಇತ್ತು. 2016ರಲ್ಲಿ ಬಂದ ಮ್ಯಾಸ್ಟಡಾನ್ ಆ ದಾರಿ ಹಿಡಿಯಲಿಲ್ಲ. ನಮಗೆ ಉಳಿದ ಉಪಾಯಗಳು ಎರಡೇ: ಖಾತೆಗೆ ಬೀಗ ಹಾಕಿ (ಅಂದರೆ ನಾವು ಒಪ್ಪಿದವರಷ್ಟೇ ಫಾಲೋ ಮಾಡುವಂತೆ ಮಾಡಿ) ಫಾಲೋವರ್‌ಗಳಿಗೆ ಮಾತ್ರ ಬರೆಯುವುದು, ಇಲ್ಲವೇ ಪ್ರತಿ ಸಲವೂ ಏಳು ಜನರ ಹೆಸರನ್ನು ನಮೂದಿಸುವುದು.

ಅಪ್ಪನ ಮಂಡಿ ಶಸ್ತ್ರಚಿಕಿತ್ಸೆಯ ಸುದ್ದಿಯನ್ನು ಮೊದಲನೆಯ ವಿಧಾನದಲ್ಲಿ ಬರೆದೆ. ಧಾರವಾಡದ ಗೆಳತಿ, ‘ಮೆಟ್ಟಿಲು ಹತ್ತುತ್ತಾರೇನು?’ ಎಂದು ಕೇಳಿದಳು. ಅವಳ ಉತ್ತರ ಹೋದದ್ದು ನನಗೆ ಮತ್ತು ಅವಳ ಫಾಲೋವರ್‌ಗಳಿಗೆ. ಹೀಗಾಗಿ ಅವಳನ್ನು ಫಾಲೋ ಮಾಡದ ನಮ್ಮ ಮೂವರಿಗೆ ಆ ಮಾತು ಕಾಣಲೇ ಇಲ್ಲ, ಆದರೆ ಅವಳನ್ನು ಫಾಲೋ ಮಾಡುವ ಕಚೇರಿಯ ಸಹೋದ್ಯೋಗಿಗಳು ಅವಳ ಪುಟ ತೆರೆದರೆ ಅವರಿಗೆ ಅದು ಕಾಣುವಂತಿತ್ತು. ಎರಡನೆಯ ವಿಧಾನದ ಅಪಾಯ ಬೇರೆ ಬಗೆಯದು. ಒಬ್ಬ ಹಳೆಯ ಸಹಪಾಠಿಯ ಸಾಲದ ವಿಷಯ ಬರೆಯುವಾಗ ಕೈತಪ್ಪಿ ಅವನ ಖಾತೆಯ ಹೆಸರನ್ನೇ ಸೇರಿಸಿದ್ದೆ; ಹೆಸರು ಬಂದವರೆಲ್ಲರಿಗೂ ಪೋಸ್ಟ್ ತಲುಪುವುದು ಅಲ್ಲಿನ ನಿಯಮ. ಅವನು ಹಣ ಹಿಂತಿರುಗಿಸಿದ, ಮಾತು ಬಿಟ್ಟ.

ಇದಕ್ಕಿಂತ ಆಳದ ತೊಡಕು ಸರ್ವರುಗಳ ನಡುವಿನದು. ನಮ್ಮ ಪ್ರತಿ ‘ಖಾಸಗಿ’ ಪೋಸ್ಟಿನ ಪ್ರತಿಯೂ ಐದು ಸರ್ವರುಗಳಲ್ಲಿ ಇರುತ್ತಿತ್ತು; ಬರೆದವರು ಮತ್ತು ಪಡೆದವರಷ್ಟೇ ಓದುವಂತೆ ಅದು ಗೂಢಲಿಪಿಗೊಂಡದ್ದಲ್ಲವಾದ್ದರಿಂದ ಆಯಾ ನಿರ್ವಾಹಕರು ಮನಸ್ಸು ಮಾಡಿದರೆ ಓದಬಹುದಿತ್ತು. ಇಂಥ ಸರ್ವರುಗಳು ಪರಸ್ಪರ ಮಾತನಾಡಲು ಬಳಸುವ, ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ 2018ರಲ್ಲಿ ಅಂಗೀಕರಿಸಿದ ಆ್ಯಕ್ಟಿವಿಟಿಪಬ್ ಮಾನಕವು ಪತ್ರ ಯಾರಿಗೆ ಎಂದು ಲಕೋಟೆಯ ಮೇಲೆ ಬರೆದು ಕೊಡುತ್ತದೆ. ಅದನ್ನು ಅವರಿಗಷ್ಟೇ ತೋರಿಸುವುದು ಪಡೆದ ಸರ್ವರಿನ ಪ್ರಾಮಾಣಿಕತೆಗೂ ಕೌಶಲಕ್ಕೂ ಬಿಟ್ಟದ್ದು. 2025ರ ಮಾರ್ಚ್‌ನಲ್ಲಿ ಇದೇ ಮಾನಕ ಬಳಸುವ, ಚಿತ್ರ ಹಂಚಿಕೊಳ್ಳುವ ಪಿಕ್ಸೆಲ್‌ಫೆಡ್ ತಂತ್ರಾಂಶದಲ್ಲಿ ಬಯಲಾದ ದೋಷ ಇದೇ ಜಾತಿಯದು. ಬೇರೆ ಸರ್ವರಿನ ಬೀಗ ಹಾಕಿದ ಖಾತೆಯನ್ನು ಫಾಲೋ ಮಾಡಲು ಕೋರಿದರೆ, ಅತ್ತಲಿಂದ ಒಪ್ಪಿಗೆ ಬರುವ ಮೊದಲೇ ಆ ತಂತ್ರಾಂಶ ಕೋರಿದವರನ್ನು ಫಾಲೋವರ್ ಎಂದು ಲೆಕ್ಕ ಹಿಡಿಯುತ್ತಿತ್ತು. ಆದ್ದರಿಂದ ಅದೇ ಸರ್ವರಿನ ಬೇರೊಬ್ಬ ನಿಜವಾದ ಫಾಲೋವರ್‌ಗಾಗಿ ಬಂದಿದ್ದ ಖಾಸಗಿ ಪೋಸ್ಟುಗಳು ಹೀಗೆ ಕೋರಿದವರಿಗೂ ಕಾಣಬಹುದಿತ್ತು. ಬರೆದವರಿಗೆ ಅದರ ಸುಳಿವೂ ಸಿಗುವಂತಿರಲಿಲ್ಲ. (ಪೋಸ್ಟುಗಳನ್ನು ಮೊದಲಿನಿಂದಲೂ ಬಹಿರಂಗವಾಗಿಯೇ ಇಟ್ಟ ಬ್ಲೂಸ್ಕೈ ಎಂಬ ಇನ್ನೊಂದು ಸಾಮಾಜಿಕ ಜಾಲವನ್ನು ನಾವು ಪರಿಗಣಿಸಲೇ ಇಲ್ಲ.)

ಕೊನೆಗೆ ನಾವು ಹೋಮ್‌ಟೌನ್ ಎಂಬ, ಡೇರಿಯಸ್ ಕಝೇಮಿ ಎಂಬವರು ಮ್ಯಾಸ್ಟಡಾನ್‌ನ ತಂತ್ರಾಂಶವನ್ನು ಮಾರ್ಪಡಿಸಿ ಕವಲೊಡೆಸಿದ ತಂತ್ರಾಂಶವನ್ನು ಬಾಡಿಗೆ ಯಂತ್ರವೊಂದರಲ್ಲಿ ಸ್ಥಾಪಿಸಿದೆವು. ಅದರಲ್ಲಿ ‘ಸ್ಥಳೀಯ’ ಎಂದು ಗುರುತಿಸಿದ ಪೋಸ್ಟನ್ನು ಸರ್ವರ್ ಹೊರಗೆ ಕಳುಹಿಸುವುದೇ ಇಲ್ಲ. ಉಳಿದವುಗಳನ್ನು ಎಂದಿನಂತೆ ಲೋಕಕ್ಕೆ ಬಿಡಬಹುದು. ಯಂತ್ರವನ್ನು ನೋಡಿಕೊಳ್ಳುವ ಗೆಳೆಯ ಈಗ ನಮ್ಮೆಲ್ಲರ ಗುಟ್ಟಿನ ಕಾವಲುಗಾರ. ಅಪರಿಚಿತರಾದ ಐವರು ನಿರ್ವಾಹಕರಿಗಿಂತ ಮೂವತ್ತು ವರ್ಷ ಬಲ್ಲ ಒಬ್ಬನನ್ನು ನಂಬುವುದೇ ಮೇಲೆಂದು ನನ್ನ ಎಣಿಕೆ. ಅವನಿಗೂ ಕಾಣಬಾರದ ಮಾತಿದ್ದರೆ ಮ್ಯಾಟ್ರಿಕ್ಸ್ ಎಂಬ ಹರಟೆ ಜಾಲದ ಗೂಢಲಿಪಿಯ ಕೋಣೆಗೆ ಹೋಗುತ್ತೇವೆ. ಎಂಟನೆಯವನು ಮಾತ್ರ ತನ್ನ ಹಳೆಯ ಸರ್ವರನ್ನು ಬಿಡಲು ಒಪ್ಪಿಲ್ಲ. ಮನೆಯ ಸುದ್ದಿ ಏನಾದರೂ ಇದ್ದರೆ ಅವನಿಗೆ ಫೋನ್ ಮಾಡಿ ಹೇಳುತ್ತೇನೆ.