ಹಿಕರಿ ಅಷ್ಟು ಗಟ್ಟಿ ಅನ್ನುವುದಾದರೆ ಎಲ್ಲದಕ್ಕೂ ಅದನ್ನೇ ಬಳಸಬಹುದಲ್ಲ?

ಮರಗೆಲಸ ಕಲಿಯುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಹಿಕರಿ ಉತ್ತರ ಅಮೆರಿಕದ ಒಂದು ಮರ; ಓಕ್‌ಗಿಂತ ಗಟ್ಟಿ, ಮೇಪಲ್‌ಗಿಂತಲೂ ಗಟ್ಟಿ. ಹಾಗಿದ್ದ ಮೇಲೆ ಮೇಜು, ಬಾಗಿಲು, ಕುರ್ಚಿ ಎಲ್ಲವನ್ನೂ ಅದರಲ್ಲೇ ಮಾಡಿದರೆ ಏನು ತೊಂದರೆ? ಪೆಟ್ಟು ತಾಳಬೇಕಾದ ಕಡೆ, ಬಾಗಿ ಮತ್ತೆ ನೆಟ್ಟಗಾಗಬೇಕಾದ ಕಡೆ ಹಿಕರಿ ಬಳಸಿ. ಅಗಲವಾದ ಹಲಗೆ ಬೇಕಾದ ಕಡೆ ಯೋಚಿಸಿ ಬಳಸಿ. ಮಳೆ ನೀರು ತಾಗುವ ಕಡೆ ಬೇಡವೇ ಬೇಡ.

ಗಟ್ಟಿತನವನ್ನು ಅಳೆಯುವ ಜಾಂಕಾ ಪರೀಕ್ಷೆಯಲ್ಲಿ 11.28 ಮಿ.ಮೀ. ವ್ಯಾಸದ ಉಕ್ಕಿನ ಗುಂಡನ್ನು ಮರದೊಳಗೆ ಅರ್ಧದಷ್ಟು ಒತ್ತುತ್ತಾರೆ. ಅದಕ್ಕೆ ಬೇಕಾದ ಬಲ ಹಿಕರಿಯ ಒಂದು ಜಾತಿಯಾದ ಶಾಗ್‌ಬಾರ್ಕ್ ಹಿಕರಿಗೆ ಸುಮಾರು 1,880 ಪೌಂಡ್, ಹಾರ್ಡ್ ಮೇಪಲ್‌ಗೆ 1,450, ಬಿಳಿ ಓಕ್‌ಗೆ 1,360. ಎಲ್ಲರ ಬಾಯಲ್ಲೂ ಇರುವ ಸಂಖ್ಯೆ ಇದೇ. ಆದರೆ ಹಿಕರಿಯ ನಿಜವಾದ ಗುಣ ಕಾಣುವುದು ಇನ್ನೊಂದು ಪರೀಕ್ಷೆಯಲ್ಲಿ. ಭಾರದ ಸುತ್ತಿಗೆಯನ್ನು ಮರದ ತುಂಡಿನ ಮೇಲೆ ಹೆಚ್ಚು ಹೆಚ್ಚು ಎತ್ತರದಿಂದ ಬೀಳಿಸುತ್ತಾ, ಎಷ್ಟು ಎತ್ತರಕ್ಕೆ ಅದು ಮುರಿಯುತ್ತದೆ ಎಂದು ನೋಡುತ್ತಾರೆ. ಒಣಗಿದ ಬಿಳಿ ಓಕ್ 37 ಅಂಗುಲಕ್ಕೆ ಮುರಿಯುತ್ತದೆ, ಹಾರ್ಡ್ ಮೇಪಲ್ 39ಕ್ಕೆ, ಬಿಳಿ ಆ್ಯಶ್ 43ಕ್ಕೆ. ಶಾಗ್‌ಬಾರ್ಕ್ ಹಿಕರಿ 67 ಅಂಗುಲದವರೆಗೆ ತಡೆಯುತ್ತದೆ. ಕೊಡಲಿ, ಸುತ್ತಿಗೆಗಳ ಕಾವಿಗೆ ಈ ಮರವನ್ನು ಆರಿಸಿಕೊಂಡಿದ್ದು ಇದಕ್ಕಾಗಿ.

ಕೊಳ್ಳುವಾಗ ಎಚ್ಚರ ಬೇಕಾಗುವುದೂ ಇಲ್ಲೇ. ಹಿಕರಿ ಹೆಚ್ಚಾಗಿ ಬೆಳೆಯುವುದು ಉತ್ತರ ಅಮೆರಿಕದ ಪೂರ್ವಭಾಗದಲ್ಲಿ. ಅಕ್ರೋಟ್ ಮರದ ಕುಟುಂಬಕ್ಕೆ ಸೇರಿದ್ದು. ಮರದ ವ್ಯಾಪಾರದಲ್ಲಿ ಅದರಲ್ಲಿ ಎರಡು ಗುಂಪು. ಶಾಗ್‌ಬಾರ್ಕ್, ಶೆಲ್‌ಬಾರ್ಕ್, ಪಿಗ್‌ನಟ್, ಮಾಕರ್‌ನಟ್ ನಿಜವಾದ ಹಿಕರಿಗಳು. ಪೆಕಾನ್, ಬಿಟರ್‌ನಟ್ ಮೊದಲಾದವು ಪೆಕಾನ್ ಗುಂಪಿನವು. ಎರಡನ್ನೂ ಬೆರೆಸಿ ಹಿಕರಿ ಎಂದೇ ಮಾರುವುದುಂಟು. ಪೆಕಾನ್‌ನ ಜಾಂಕಾ ಸಂಖ್ಯೆ 1,820, ಅಂದರೆ ಹೆಚ್ಚುಕಡಿಮೆ ಶಾಗ್‌ಬಾರ್ಕ್‌ನಷ್ಟೇ. ಪೆಟ್ಟಿನ ಪರೀಕ್ಷೆಯಲ್ಲಿ ಮಾತ್ರ ಅದು 44 ಅಂಗುಲಕ್ಕೇ ಮುರಿಯುತ್ತದೆ. ಕಪಾಟಿನ ಚೌಕಟ್ಟಿಗೋ ನೆಲಹಾಸಿಗೋ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಕಾವಿಗಾದರೆ ಎಲ್ಲವೂ ಅದರ ಮೇಲೆಯೇ ನಿಂತಿದೆ. ಗಟ್ಟಿತನದ ಸಂಖ್ಯೆಯೊಂದನ್ನೇ ನೋಡಿ ಮರ ಆರಿಸಬಾರದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಬಣ್ಣ ನೋಡಿ ಮೋಸಹೋಗುವವರೂ ಇದ್ದಾರೆ. ಹೊರಗಿನ ಬಿಳಿ ಮರ ಬಲವಾದದ್ದು, ಒಳಗಿನ ಕೆಂಪು ಚೇಗು ದುರ್ಬಲ ಎಂಬ ನಂಬಿಕೆ ಹಳೆಯದು. ತೂಕ ಸಮನಾಗಿದ್ದರೆ ಎರಡರ ಬಲವೂ ಸಮನೇ ಎಂದು ಅಮೆರಿಕದ ಅರಣ್ಯ ಇಲಾಖೆಯ ಪರೀಕ್ಷೆಗಳು ನೂರು ವರ್ಷಕ್ಕೂ ಹಿಂದೆಯೇ ತೋರಿಸಿವೆ. ಒಂದೇ ಅಳತೆಯ ಎರಡು ತುಂಡುಗಳಿದ್ದರೆ ಕೈಯಲ್ಲಿ ಹಿಡಿದು ಭಾರವಾದದ್ದನ್ನು ಆರಿಸಿ. ಬೆಳವಣಿಗೆಯ ಉಂಗುರಗಳು ತೀರಾ ಒತ್ತೊತ್ತಾಗಿರುವ ತುಂಡು ಹಗುರವಾಗಿರುತ್ತದೆ. ಪ್ರತಿ ಉಂಗುರದಲ್ಲೂ ವರ್ಷದ ಆರಂಭದಲ್ಲಿ ಬೆಳೆಯುವ ತೂತುಗಳ ಪದರ ಇರುವುದರಿಂದ, ಉಂಗುರಗಳು ಹೆಚ್ಚಿದಷ್ಟೂ ಆ ಸಡಿಲ ಭಾಗವೂ ಹೆಚ್ಚುತ್ತದೆ.

ಅಗಲ ಹಲಗೆಯ ಬಗ್ಗೆ ಇಷ್ಟು ಎಚ್ಚರಿಸುವುದಕ್ಕೆ ಕಾರಣ ಕುಗ್ಗುವಿಕೆ. ಉಂಗುರಗಳಿಗೆ ಸಮಾನಾಂತರವಾಗಿ ಕೊಯ್ದ 300 ಮಿ.ಮೀ. ಅಗಲದ ಹಿಕರಿ ಹಲಗೆಯ ತೇವ 12%ರಿಂದ 8%ಕ್ಕೆ ಇಳಿದರೆ ಅಗಲದಲ್ಲಿ ಸುಮಾರು 5 ಮಿ.ಮೀ. ಕಡಿಮೆಯಾಗುತ್ತದೆ. ಅಷ್ಟೇ ಅಗಲದ ತೇಗ ಕುಗ್ಗುವುದು ಸುಮಾರು 2.2 ಮಿ.ಮೀ. ಮಾತ್ರ. ಉಂಗುರಗಳಿಗೆ ಅಡ್ಡಲಾಗಿ ಕೊಯ್ದ ಹಿಕರಿಯಾದರೆ 3 ಮಿ.ಮೀ. ಸುತ್ತಮುತ್ತ. ಅದಕ್ಕೇ ಮೇಜಿನ ಮೇಲ್ಹಲಗೆಯನ್ನು ಹಿಕರಿಯಲ್ಲಿ ಮಾಡುವುದಾದರೆ ಕೆಳಗಿನ ಚೌಕಟ್ಟಿಗೆ ಅಂಟು ಹಾಕಿ ಬಿಗಿಯಬೇಡಿ. ಸ್ಕ್ರೂ ತೂತನ್ನು ಅಗಲದ ದಿಕ್ಕಿನಲ್ಲಿ ಉದ್ದಕ್ಕೆ ಕೊರೆದು ಹಲಗೆ ಸರಿದಾಡಲು ಜಾಗ ಬಿಡಿ. ಬಿಡದಿದ್ದರೆ ಹಲಗೆ ನಡುವೆ ಸೀಳುತ್ತದೆ.

ಹತ್ತರಿ ಹೊಡೆಯುವಾಗ ಎಳೆ ಕಿತ್ತುಬರುವುದು ಇದರ ದೊಡ್ಡ ಕಾಟ. ಹತ್ತರಿಯಲ್ಲಿ ಮಾಮೂಲಿಯಾಗಿ 45 ಡಿಗ್ರಿ ಓರೆಯಲ್ಲಿ ಕೂತಿರುವ ಅಲಗಿನ ಬದಲು 50ರಿಂದ 55 ಡಿಗ್ರಿಯಲ್ಲಿ ಕೂತದ್ದು ಒಳ್ಳೆಯದು. ಯಂತ್ರದಲ್ಲಾದರೆ ಕಾರ್ಬೈಡ್ ಅಲಗು, ಒಂದು ಸಲಕ್ಕೆ ಅರ್ಧ ಮಿ.ಮೀ. ಸಾಕು. ಉಕ್ಕಿನ ಅಲಗು ಬೇಗ ಮೊಂಡಾಗುತ್ತದೆ. ಮೊಂಡು ಅಲಗು ಮರವನ್ನು ಕತ್ತರಿಸದೆ ತಿಕ್ಕಿ ಹೊಳಪು ತರಿಸುತ್ತದೆ, ಆ ಹೊಳಪಿನೊಳಕ್ಕೆ ಅಂಟು ಇಳಿಯುವುದಿಲ್ಲ. ಒಂದು ಹನಿ ನೀರು ಬಿಟ್ಟು ನೋಡಿ. ಹರಡದೆ ಮಣಿಯಂತೆ ನಿಂತರೆ ಮತ್ತೊಮ್ಮೆ ಹರಿತವಾದ ಅಲಗಿನಿಂದ ತೆಳ್ಳಗೆ ತೆಗೆದು ಅದೇ ದಿನ ಅಂಟಿಸಿ, ಒಂದು ದಿನ ಕ್ಲ್ಯಾಂಪ್‌ನಲ್ಲೇ ಬಿಡಿ. ಸ್ಕ್ರೂಗೆ ಮೊದಲೇ ತೂತು ಕೊರೆಯಲೇಬೇಕು: 4 ಮಿ.ಮೀ. ಸ್ಕ್ರೂಗೆ 3 ಮಿ.ಮೀ. ತೂತು, ಸ್ಕ್ರೂ ಮೈಗೆ ಸ್ವಲ್ಪ ಮೇಣ. ಹಿತ್ತಾಳೆ ಸ್ಕ್ರೂ ಆದರೆ ಮೊದಲು ಅದೇ ಅಳತೆಯ ಉಕ್ಕಿನ ಸ್ಕ್ರೂ ತಿರುಗಿಸಿ ದಾರಿ ಮಾಡಿ, ಇಲ್ಲವಾದರೆ ತಲೆ ತುಂಡಾಗಿ ಒಳಗೇ ಉಳಿಯುತ್ತದೆ.

ಹಬೆಯಲ್ಲಿ ಬಾಗಿಸಲು ಮಾತ್ರ ಇದು ಸೊಗಸಾದ ಮರ. ಪ್ರತಿ 25 ಮಿ.ಮೀ. ದಪ್ಪಕ್ಕೆ ಸುಮಾರು ಒಂದು ಗಂಟೆ ಹಬೆ ಕೊಡಿ. ಗೂಡಿನಲ್ಲಿ ಒಣಗಿಸಿದ್ದಕ್ಕಿಂತ ಗಾಳಿಗೆ ಒಣಗಿದ, ಇನ್ನೂ ತೇವ ಉಳಿದಿರುವ ಮರ ಚೆನ್ನಾಗಿ ಬಾಗುತ್ತದೆ.

ಇನ್ನು ಕಾವು. ತುಂಡಿನ ಪಕ್ಕದಲ್ಲಿ ಎಳೆ ಈ ತುದಿಯಿಂದ ಆ ತುದಿಯವರೆಗೆ ಓಡಬೇಕು. ನಡುವೆ ಎಲ್ಲಾದರೂ ಎಳೆ ಓರೆಯಾಗಿ ಹೊರಗೆ ಹೋಗಿದ್ದರೆ ಕಾವು ಸೀಳುವುದು ಅಲ್ಲೇ. ಗರಗಸದಲ್ಲಿ ಕೊಯ್ದದ್ದಕ್ಕಿಂತ ಬೆಣೆ ಹೊಡೆದು ಸೀಳಿದ ತುಂಡು ಮೇಲು ಅನ್ನುವುದೂ ಇದಕ್ಕೇ. ಸೀಳು ತಾನಾಗಿ ಎಳೆಯ ಜಾಡಿನಲ್ಲೇ ಹೋಗುತ್ತದೆ. ಕೂರಿಸುವಾಗ ಕಾವು ಪೂರ್ತಿ ಒಣಗಿರಲಿ. ಸಡಿಲವಾದ ಕೊಡಲಿಯನ್ನು ನೀರಿನಲ್ಲಿ ನೆನೆಹಾಕುವುದು ತಪ್ಪು: ಉಬ್ಬಿದ ಮರ ಕಬ್ಬಿಣದ ಕಣ್ಣಿನೊಳಗೆ ಜಜ್ಜಿಹೋಗಿ, ಒಣಗಿದಾಗ ಮೊದಲಿಗಿಂತ ಸಡಿಲವಾಗುತ್ತದೆ. ಬೆಣೆಯನ್ನು ಇನ್ನಷ್ಟು ಒಳಕ್ಕೆ ಹೊಡೆಯಿರಿ, ಅಥವಾ ಹೊಸ ಬೆಣೆ ಹಾಕಿ.

ಒದ್ದೆಯಾದ ಹಿಕರಿ ಬೇಗ ಕೊಳೆಯುತ್ತದೆ. ಬಿಳಿ ಮರಕ್ಕೆ ಕುಟ್ಟೆ ಹುಳುವಿನ ಕಾಟವೂ ಇದೆ. ಸೂಜಿತೂತು, ಅದರ ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಆ ಹಲಗೆಯನ್ನು ಉಳಿದವುಗಳ ಜೊತೆ ಇಡಬೇಡಿ. ಕಾವಿಗೆ ವಾರ್ನಿಷ್‌ಗಿಂತ ಅಗಸೆ ಎಣ್ಣೆ ಹಿತ. ತೆಳ್ಳಗೆ ಹಚ್ಚಿ, ಕಾಲು ಗಂಟೆ ಬಿಟ್ಟು ಒರೆಸಿ, ಒಂದು ದಿನ ಒಣಗಿಸಿ, ಹೀಗೆ ಮೂರು ಸಲ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ. ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಸೇರಿ ತಾನಾಗಿ ಬೆಂಕಿ ಹೊತ್ತಿಕೊಳ್ಳಬಹುದು. ಬಯಲಿನಲ್ಲಿ ಒಂದೊಂದಾಗಿ ಹರಡಿ, ಗರಿಗರಿಯಾಗಿ ಒಣಗಿದ ಮೇಲಷ್ಟೇ ಎಸೆಯಿರಿ.