ಈ ತೋಟಾ ಯಾರ ಪೈಕಿ?

"ಪೇರೆಂಟ್ ಯಾವುದು?" ಅಂತ ಕೇಳಿದ ಅಂಗಡಿಯ ಹುಡುಗ. ತಲೆ ಎತ್ತಿಯೂ ನೋಡಲಿಲ್ಲ. ಶನಿವಾರದಿಂದ ಆ ಮಾತು ನನ್ನ ತಲೆ ಬಿಟ್ಟು ಹೋಗುತ್ತಿಲ್ಲ.

ಕೇಳಿದ್ದು ನನ್ನನ್ನಲ್ಲ, ನಮ್ಮ ಪಕ್ಕದ ಮನೆಯ ಅಜ್ಜನನ್ನು. ಪಿಟ್ಸ್‌ಬರ್ಗ್‌ನಲ್ಲೇ ಹುಟ್ಟಿ ಬೆಳೆದವರು, ಆಯುಷ್ಯವೆಲ್ಲ ಲೇತ್ ಮಷೀನಿನ ಮುಂದೆ ಕಳೆದವರು. ಈಗ ಮಂಡಿ ಆಪರೇಷನ್ ಆಗಿದೆ, ಕಾರು ಓಡಿಸುವ ಹಾಗಿಲ್ಲ. ಹಾಗಾಗಿ ಅವರ ಬಂದೂಕಿನ ಅಂಗಡಿ ಯಾತ್ರೆಗೆ ನಾನೇ ಡ್ರೈವರ್. ಪೆನ್ಸಿಲ್ವೇನಿಯಾದಲ್ಲಿ ಇದೇನು ವಿಚಿತ್ರವಲ್ಲ. ಜಿಂಕೆ ಬೇಟೆ ಶುರುವಾದ ಮೇಲಿನ ಸೋಮವಾರ ಇಲ್ಲಿನ ಎಷ್ಟೋ ಶಾಲೆಗಳಿಗೆ ರಜೆ ಕೊಡುತ್ತಾರೆ. ಮೊದಲ ವರ್ಷ ನಾನು ನಂಬಿರಲಿಲ್ಲ.

ಅಜ್ಜನಿಗೆ ಬೇಕಾಗಿದ್ದು ಮ್ಯಾಗಜೀನ್. ಅಂದರೆ ಬಂದೂಕಿನ ಹೊಟ್ಟೆಗೆ ಕೆಳಗಿನಿಂದ ಸಿಕ್ಕಿಸುವ ತೋಟಾ ಡಬ್ಬಿ. ಡಬ್ಬಿಗೇನು ಬರ? ಗೋಡೆ ತುಂಬ ನೇತಾಡುತ್ತಿದ್ದವು. ಆದರೆ ಅಜ್ಜನ ತೋಟಾ ಡ್ಯಾಷರ್ ಎಂಬ ಜಾತಿಯದು. ಅದು ಹುಟ್ಟಿದ್ದೇ ವೈಲ್ಡ್‌ಕ್ಯಾಟ್ ಆಗಿ. ಕಂಪನಿಯವರು ಮಾಡದೆ, ಇಲ್ಲಿ ತೋಟಾಗಳ ಅಳತೆ ಗೊತ್ತುಮಾಡುವ ಸಾಮಿ ಎಂಬ ಸಂಸ್ಥೆಯ ಪಟ್ಟಿಗೂ ಸೇರದೆ, ಹವ್ಯಾಸಿಗಳು ತಾವೇ ತಿದ್ದಿ ತೀಡಿ ಮಾಡಿಕೊಂಡ ತೋಟಾಗಳಿಗೆ ಆ ಹೆಸರು. ಹೆಸರು ಕಾಡುಬೆಕ್ಕು, ಆದರೆ ಒಂದೂ ಕಾಡಿನಲ್ಲಿ ಹುಟ್ಟಿದ್ದಲ್ಲ. ಮನೆಯಲ್ಲಿ ಕೂತು ಹಿತ್ತಾಳೆ ಕೊಳವೆಯನ್ನು ಮೊದಲಿನಿಂದ ಮಾಡಲು ಯಾರಿಗೂ ಆಗುವುದಿಲ್ಲ. ಇರುವ ತೋಟಾವನ್ನೇ ತಂದು ಕತ್ತು, ಅಂದರೆ ಗುಂಡನ್ನು ಕಚ್ಚಿ ಹಿಡಿಯುವ ತುದಿ, ಬಿಗಿ ಮಾಡಬೇಕು, ಇಲ್ಲವೇ ಕತ್ತಿನ ಬುಡದ ಇಳಿಜಾರು, ಅಂದರೆ ಭುಜ, ಮುಂದೆ ತಳ್ಳಬೇಕು. ಹಾಗಾಗಿ ಪ್ರತಿಯೊಂದಕ್ಕೂ ಅಪ್ಪ ಇರಲೇಬೇಕು. ಹುಡುಗ ಕೇಳಿದ್ದು ಅದನ್ನೇ. ಪೇರೆಂಟ್ ಯಾವುದು?

ನನಗೆ ಕೇಳಿಸಿದ್ದು ಬೇರೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಯಾರೇ ಹೊಸಬರು ಬರಲಿ, ನಮ್ಮಜ್ಜನ ಮೊದಲ ಪ್ರಶ್ನೆ, "ಯಾರ ಪೈಕಿ?" ಹೆಸರು ಆಮೇಲೆ. ಉತ್ತರ ಬಂದ ಮೇಲೆ ಗೊತ್ತಾಗುತ್ತಿತ್ತು, ಜಗಲಿಯಲ್ಲಿ ಕೂರಿಸಬೇಕೋ, ಒಳಗೆ ಕರೆಯಬೇಕೋ, ಕಾಫಿ ಯಾವ ಲೋಟದಲ್ಲಿ ಕೊಡಬೇಕೋ ಅಂತ. ನನಗೆ ಆ ಪ್ರಶ್ನೆ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ. ಇಲ್ಲಿನ ಕನ್ನಡದವರ ಊಟದ ಕೂಟಗಳಲ್ಲೂ ಅದು ಬಿಟ್ಟಿಲ್ಲ. "ಯಾವ ಕಡೆಯವರು?" ಅಂತ ಶುರು ಮಾಡುತ್ತಾರೆ. ಊರಿನ ಹೆಸರು ಹೇಳಿದರೆ ಸಮಾಧಾನವಿಲ್ಲ. "ಅಲ್ಲ, ಅಲ್ಲಿ ಯಾರ ಮನೆ?" ಅಂತ ಒಂದು ಸುತ್ತು ಹಾಕಿ, ಕೊನೆಗೆ ಬರುವುದು ಅಲ್ಲಿಗೇ. ಎಂಜಿನಿಯರುಗಳು, ಡಾಕ್ಟರುಗಳು ಇವರೆಲ್ಲ.

ಪಕ್ಕದ ಮನೆಯ ಅಜ್ಜ ಮಾತ್ರ ತೋಟಾದ ವಂಶವನ್ನೆಲ್ಲ ಖುಷಿಯಿಂದ ಒಪ್ಪಿಸಿದರು. ಡ್ಯಾಷರ್‌ನ ಅಪ್ಪ 6 ಎಂಎಂ ಬಿಆರ್ ನಾರ್ಮಾ. ಅದರ ಹಿಂದೆ ರೆಮಿಂಗ್ಟನ್ ಕಂಪನಿಯವರ ಬಿಆರ್. ಅದಕ್ಕೂ ಹಿಂದೆ 1952ರ .308 ವಿಂಚೆಸ್ಟರ್. ಅದರ ಹಿಂದೆ 1906ರ .30-06. ಇನ್ನೂ ಹಿಂದೆ ಹೋದರೆ 1888ರ ಜರ್ಮನ್ ಸೈನ್ಯದ ತೋಟಾ. ಉದ್ದ ಬದಲಾಯಿತು, ಕತ್ತು ಬದಲಾಯಿತು, ಒಳಗಿನ ಮದ್ದು ಬದಲಾಯಿತು. ಹಿಂಬದಿಯ ಅಗಲ ಮಾತ್ರ ಅದೇ, ಹೆಚ್ಚುಕಡಿಮೆ 12 ಮಿಲಿಮೀಟರ್. ತೋಟಾವನ್ನು ಬಂದೂಕಿನೊಳಗೆ ತಳ್ಳುವ ಬೋಲ್ಟು, ಡಬ್ಬಿ ಎಲ್ಲವೂ ಆ ಅಗಲಕ್ಕೆ ಒಗ್ಗಿಹೋಗಿವೆ. ಅದನ್ನು ಮುಟ್ಟಿದರೆ ಎಲ್ಲವನ್ನೂ ಹೊಸದಾಗಿ ಮಾಡಬೇಕು. ಬ್ಯಾರೆಲ್ಲಿಗೆ ನೂರಾರು ಡಾಲರ್ ಸುರಿಯುವವರೂ ಅಷ್ಟು ಧೈರ್ಯ ಮಾಡುವುದಿಲ್ಲವಂತೆ.

ಹೋಗುವಾಗ ದಾರಿಯಲ್ಲೇ ಒಂದು ಲೆಕ್ಕ ಹೇಳಿಕೊಟ್ಟಿದ್ದರು. ಎರಡು ಸಾಲಿನ ಡಬ್ಬಿಯಲ್ಲಿ ತೋಟಾಗಳು ಒಂದರ ಸಂದಿಗೆ ಒಂದು ಕೂರಬೇಕು. ಅಕ್ಕಪಕ್ಕದ ಮೂರರ ನಡುಬಿಂದು ಸೇರಿಸಿದರೆ ಸಮಭುಜ ತ್ರಿಕೋನ ಆಗಬೇಕು. ಹಾಗಾಗಿ ಡಬ್ಬಿಯ ಒಳ ಅಗಲ ತೋಟಾದ ದಪ್ಪದ 1.866 ಪಟ್ಟು. 12 ಮಿಲಿಮೀಟರ್ ದಪ್ಪಕ್ಕೆ 22.4. ಇದಕ್ಕಿಂತ ಕಿರಿದಾದರೆ ಒಂದನ್ನೊಂದು ನೂಕಿಕೊಂಡು ಕಚ್ಚಿಕೊಳ್ಳುತ್ತವೆ, ಅಗಲವಾದರೆ ಸಾಲು ಕೆಡುತ್ತದೆ. ಕಾಸ್ 30 ಡಿಗ್ರಿಯನ್ನು ನಾನು ಪಿಯುಸಿ ಆದಮೇಲೆ ಯಾರ ಬಾಯಲ್ಲೂ ಇಷ್ಟು ಪ್ರೀತಿಯಿಂದ ಕೇಳಿರಲಿಲ್ಲ.

"308 ವಂಶ ಅಂದರೆ ಸುಲಭ ಬಿಡಿ," ಅಂತ ಹುಡುಗ .308ರ ಡಬ್ಬಿ ತೆಗೆದು ಕೌಂಟರಿನ ಮೇಲಿಟ್ಟ. 80 ಡಾಲರ್. ಅವನಿಗೆ ಸೊಕ್ಕು ಸ್ವಲ್ಪ ಜಾಸ್ತಿಯೇ. ಅಜ್ಜನ ಜೊತೆ ಮಾತಾಡುತ್ತಲೇ ಫೋನ್ ನೋಡುವುದು, ನನ್ನನ್ನು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ ದಾಟಿ ನೋಡುವುದು. ಆದರೆ ಕೆಲಸ ಬಲ್ಲವನು, ಅದನ್ನು ಒಪ್ಪಲೇಬೇಕು.

ಅಜ್ಜ ಜೇಬಿನಿಂದ ಮದ್ದು ಕೇಪು ಯಾವುದೂ ಇಲ್ಲದ ಡಮ್ಮಿ ತೋಟಾ ತೆಗೆದು ತುಂಬಿದರು. ಅಗಲಕ್ಕೆ ಸರಿಯಾಗಿ ಕೂತವು. ಡಬ್ಬಿ ಅಲ್ಲಾಡಿಸಿದರೆ ಮಾತ್ರ ಹಿಂದೆ ಮುಂದೆ ಜಾರಿದವು. .308ರ ತೋಟಾ ತುದಿಯಿಂದ ತುದಿಗೆ 71 ಮಿಲಿಮೀಟರ್, ಡ್ಯಾಷರ್ ಸುಮಾರು 60. ಒಂದು ಸೆಂಟಿಮೀಟರು ಖಾಲಿ. ಬಂದೂಕು ಒದ್ದಾಗ ತೋಟಾ ಮುಂದಕ್ಕೆ ಜಾರಿ ಮೂತಿ ಕೆಳಗೆ ಮಾಡುತ್ತದೆ, ಬೋಲ್ಟು ಬಂದು ತಳ್ಳಿದರೆ ಗೋಡೆಗೆ ಗುದ್ದಿ ನಿಲ್ಲುತ್ತದೆ. ಸಾಲದ್ದಕ್ಕೆ ಡ್ಯಾಷರ್‌ನ ಭುಜ 40 ಡಿಗ್ರಿ, ಅಪ್ಪನದು 30. ಭುಜ ಕಡಿದಾದಷ್ಟೂ ಒಳಗೆ ಜಾರುವಾಗ ಅಂಚಿಗೆ ತಗಲುವುದು ಜಾಸ್ತಿ.

ತಪ್ಪು ತೋಟಾದ್ದೂ ಅಲ್ಲ. ಬಿಆರ್ ಅಂದರೆ ಬೆಂಚ್‌ರೆಸ್ಟ್. ಮೇಜಿನ ಮೇಲೆ ಬಂದೂಕು ಊರಿ, ಒಂದೊಂದೇ ತೋಟಾ ಕೈಯಲ್ಲಿ ಹಾಕಿ, ನಿಧಾನವಾಗಿ ಹೊಡೆಯುವವರಿಗೆ ಹುಟ್ಟಿದ್ದು. ಅವರಿಗೆ ಡಬ್ಬಿಯೇ ಬೇಡ. ನಮ್ಮಜ್ಜನ ಒಂಟಿನಳಿಗೆ ತೋಟಾಕೋವಿಯೂ ಹಾಗೇ ಅಲ್ವಾ? ಮಡಚು, ಹಾಕು, ಮುಚ್ಚು. ಮಂಗ ಓಡಿಸಲು ಅಷ್ಟು ಸಾಕಿತ್ತು. ಚುನಾವಣೆ ಬಂದಾಗ ಠಾಣೆಗೆ ಕೊಟ್ಟು, ಮುಗಿದ ಮೇಲೆ ಹೋಗಿ ತರುವುದೊಂದೇ ರಗಳೆ. ಆದರೆ ಈ ದೇಶದಲ್ಲಿ ಓಡಿ, ಮಲಗಿ, ಡ್ರಮ್ಮಿನ ಮೇಲೆ ಬಂದೂಕು ಇಟ್ಟು, ಗಡಿಯಾರದ ಲೆಕ್ಕದಲ್ಲಿ ಹೊಡೆಯುವ ಸ್ಪರ್ಧೆಗಳು ಬಂದವು. ಒದೆತ ಕಡಿಮೆ, ತನ್ನ ಗುಂಡು ಬಿದ್ದದ್ದು ತನಗೇ ದುರ್ಬೀನಿನಲ್ಲಿ ಕಾಣುತ್ತದೆ ಅಂತ ಆ ಸ್ಪರ್ಧಿಗಳು ಡ್ಯಾಷರ್ ಹಿಡಿದರು. ಡಬ್ಬಿಯ ತಲೆನೋವು ಶುರುವಾಗಿದ್ದು ಆಗ.

"ಪೇರೆಂಟ್ ಯಾವುದು?" ಆ ಮಾತು ಇನ್ನೂ ಕೊರೆಯುತ್ತಿದೆ. ಆ ಹುಡುಗನ ಪ್ರಶ್ನೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ತೋಟಾಕ್ಕೆ ಮಾನ ಅವಮಾನ ಇಲ್ಲ. ಉತ್ತರದಿಂದ ಅಗಲವೂ ಗೊತ್ತಾಯಿತು. ಉಳಿದದ್ದು ಗೊತ್ತಾಗಲಿಲ್ಲ, ಅಷ್ಟೇ. ಉದ್ದ, ಭುಜ, ಎಲ್ಲಿ ಜಾರುತ್ತದೆ, ಎಲ್ಲಿ ತಗಲುತ್ತದೆ, ಇದೆಲ್ಲ ಎದುರಿಗಿದ್ದ ತೋಟಾವನ್ನೇ ಕೈಯಲ್ಲಿ ಹಿಡಿದು ನೋಡಬೇಕಾದ ಸಂಗತಿ. ಅಜ್ಜ ಜೇಬಿಗೆ ಕೈ ಹಾಕುವ ಮೊದಲೇ ಹುಡುಗ ಡಬ್ಬಿ ತೆಗೆದಾಗಿತ್ತು. ನಮ್ಮಜ್ಜನೂ ಹಾಗೇ. ಬಂದವರು ಚಪ್ಪಲಿ ಬಿಡುವ ಮೊದಲೇ ಲೋಟ ಯಾವುದು ಅಂತ ತೀರ್ಮಾನ ಆಗಿರುತ್ತಿತ್ತು. ಅವರ ಮೇಲೆ ನನಗೆ ಪ್ರೀತಿ ಇದೆ. ಆದರೆ ಈ ವಿಷಯದಲ್ಲಿ ಕ್ಷಮೆ ಇಲ್ಲ.

ಕಾಡುಬೆಕ್ಕುಗಳ ಹಣೆಬರಹ ಪರವಾಗಿಲ್ಲ. .25-06 ಸುಮಾರು ಅರ್ಧ ಶತಮಾನ ಮನೆಮಠ ಇಲ್ಲದೆ ಅಲೆದು, 1969ರಲ್ಲಿ ರೆಮಿಂಗ್ಟನ್ ಹೆಸರು ಪಡೆಯಿತು. .22-250ಗೆ ಅದೇ ಯೋಗ 1965ರಲ್ಲಿ ಬಂತು. ಅಕ್ಲಿ ಎಂಬ ಪುಣ್ಯಾತ್ಮ ಭುಜ ತಿದ್ದಿದ .280ಗೆ ಸಾಮಿಯ ಮುದ್ರೆ ಬಿದ್ದದ್ದು 2007ರಲ್ಲಿ. ಸಾಕಷ್ಟು ಜನ ಬಳಸಿದರೆ ವಂಶಾವಳಿ ಯಾರೂ ಕೇಳುವುದಿಲ್ಲ, ತೋಟಾ ಮಾರುವ ಪೆಟ್ಟಿಗೆಯ ಮೇಲೆ ಹೆಸರೇ ಅಚ್ಚಾಗುತ್ತದೆ.

ಕೊನೆಗೆ ಹುಡುಗ ಒಳಗೆ ಹೋಗಿ ಇನ್ನೊಂದು ಡಬ್ಬಿ ತಂದ. ಡ್ಯಾಷರ್‌ಗೆಂದೇ ಮಾಡಿದ್ದು, ಒಳಗೆ ಹಿಂದುಗಡೆ ಒಂದು ದಿಮ್ಮಿ ಕೂರಿಸಿದ್ದಾರೆ. ಖಾಲಿ ಜಾಗ ಭರ್ತಿ. ಬೆಲೆ ಕೇಳಿ ಅಜ್ಜ, "ಇಷ್ಟು ತುಂಡು ಪ್ಲಾಸ್ಟಿಕ್ಕು ನಾನೇ ಕೊರೆಯುತ್ತೇನೆ," ಅಂದರು. "ಕೊರೆಯಿರಿ. ತೋಟಾ ಹಿಡಿದಿಡುವ ಡಬ್ಬಿ ಬಾಯಿಯ ತುಟಿ ಬಗ್ಗಿಸುವುದು ನಿಮ್ಮಿಂದ ಆಗಲ್ಲ," ಅಂದ ಹುಡುಗ, ಅವತ್ತು ಮೊದಲ ಸಲ ನಗುತ್ತಾ. ಲೇತ್ ಮೇಲೆ ಬದುಕಿದ ಮನುಷ್ಯನಿಗೆ ಹಾಗೆ ಹೇಳಬಾರದಿತ್ತು. ಅಜ್ಜ ಎರಡನ್ನೂ ಕೊಂಡರು, ಒಂದು ಬಳಸಲು, ಒಂದು ಹುಡುಗನಿಗೆ ಮಾಡಿ ತೋರಿಸಲು.

ನಿನ್ನೆ ಸಂಜೆ ಕಸದ ಡಬ್ಬ ಹೊರಗಿಡುವಾಗ ಸಿಕ್ಕಿದರು. ಡ್ಯಾಷರ್‌ನ ಕತ್ತನ್ನೇ ಇನ್ನೂ ಬಿಗಿ ಮಾಡಿ ಇನ್ನೂ ಸಣ್ಣ .22 ಗುಂಡಿಗೆ ಇಳಿಸುತ್ತಾರಂತೆ, ಹೊಸ ಬ್ಯಾರೆಲ್ಲಿಗೆ ಆಗಲೇ ಹೇಳಿದ್ದಾರೆ. ಯಾಕೆ ಅದೇ ಅಂತ ಕೇಳಿದೆ. ಹೊಡೆತ ಚೆನ್ನಾಗಿರುತ್ತದೆ, ಮದ್ದು ಕಡಿಮೆ ಸಾಕು ಅಂತೇನಾದರೂ ಹೇಳುತ್ತಾರೆ ಅಂದುಕೊಂಡಿದ್ದೆ.

"ಡಬ್ಬಿ ಇದೆಯಲ್ಲ," ಅಂದರು.