ತಿರುವಿಗೆ ಎಷ್ಟು ಡಾಲರ್?

ಆಗಸ್ಟ್ ಬಂತೆಂದರೆ ಅಮೆರಿಕದ ಮಿಶಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ಪಕ್ಕದ ವುಡ್‌ವರ್ಡ್ ಅವೆನ್ಯೂದಲ್ಲಿ ಕಾರುಗಳ ಜಾತ್ರೆ. 1995ರಿಂದ ನಡೆದುಕೊಂಡು ಬಂದಿದೆ. ಜನ ಮಡಚುವ ಕುರ್ಚಿ ತಂದು ರಸ್ತೆ ಬದಿಯಲ್ಲಿ ಕೂತುಬಿಡುತ್ತಾರೆ. ಈ ಸಲ ಪಕ್ಕದ ಮನೆಯ ಅಜ್ಜನ ಜೊತೆ ನಾನೂ ಕೂತಿದ್ದೆ. ಅವರು ಕಾರು ಕಾರ್ಖಾನೆಯಲ್ಲೇ ದುಡಿದು ರಿಟೈರ್ ಆದವರು. ಎದುರಿಗೆ ಒಂದು ಪೋರ್ಶೆ 911, ಜರ್ಮನಿಯ ಸ್ಪೋರ್ಟ್ಸ್ ಕಾರು, ಹೋಯಿತು. ನಾನು ಕತ್ತು ತಿರುಗಿಸಿ ಅದು ಮರೆಯಾಗುವವರೆಗೂ ನೋಡಿದೆ. ಅಜ್ಜನಿಗೆ ಅಷ್ಟೇ ಸಾಕಾಯಿತು.

"ಅದಕ್ಕೆ ಕೊಡೋ ಜಾಸ್ತಿ ದುಡ್ಡು ತಿರುವಿಗೆ ಕಣಪ್ಪಾ. ಮಿಶಿಗನ್‌ನಲ್ಲಿ ತಿರುವು ಎಲ್ಲಿದೆ, ತೋರಿಸು ನೋಡೋಣ!"

ಲೆಕ್ಕ ಹಾಕಿದರೆ ಅಜ್ಜ ಹೇಳಿದ್ದು ಸುಳ್ಳಲ್ಲ. ಇಲ್ಲಿಯದೇ ಫೋರ್ಡ್ ಕಂಪನಿಯ ಸ್ಪೋರ್ಟ್ಸ್ ಕಾರು, ಈಗಿನ ಮಸ್ಟಾಂಗ್ ಜಿಟಿಗೆ 5 ಲೀಟರಿನ ವಿ8 ಎಂಜಿನ್, 480 ಎಚ್‌ಪಿ (ಕುದುರೆ ಶಕ್ತಿ), ಬೆಲೆ 45 ಸಾವಿರ ಡಾಲರಿನ ಆಸುಪಾಸಿನಿಂದ ಶುರು. 911 ಕರೇರಾಗೆ 388 ಎಚ್‌ಪಿ, 1 ಲಕ್ಷ 20 ಸಾವಿರಕ್ಕೂ ಮೇಲೆ. ಎರಡು ಮಸ್ಟಾಂಗ್ ತಗೊಂಡು ಮೇಲೆ ಚಿಲ್ಲರೆಯೂ ಉಳಿಯುತ್ತದೆ. ಆದರೆ ಪೋರ್ಶೆ ಸುಮಾರು 200 ಕೆಜಿ ಹಗುರ. ಕಡಿಮೆ ಕುದುರೆ ಇದ್ದರೂ ಓಟದಲ್ಲಿ ಹಿಂದೆ ಬೀಳುವುದಿಲ್ಲ. ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಅದರ ದುಡ್ಡು ಎಲ್ಲಿ ಹೋಯಿತು ಅಂತ ತಿಳಿಯುತ್ತದೆ. ಮಾರುವಾಗಲೂ ಒಳ್ಳೆ ಬೆಲೆ ಬರುತ್ತದೆ. ಮಸ್ಟಾಂಗ್‌ನ ಹಳೇ ಜೊತೆಗಾರರಾದ ಕಮಾರೊ, ಚಾಲೆಂಜರ್ ಎರಡರ ತಯಾರಿಕೆಯೂ 2023ರ ಕೊನೆಗೆ ನಿಂತಿತು. ಅಜ್ಜನಿಗೆ ಆ ದುಃಖ ಬೇರೆ.

ಆಮೇಲೆ ಕೇಳಿದರು, "ನಿಮ್ಮೂರಲ್ಲಿ ಮಸ್ಟಾಂಗ್ ಎಷ್ಟಪ್ಪಾ?"

2016ರಲ್ಲಿ ಇಂಡಿಯಾಗೆ ಬಂದಾಗ 65 ಲಕ್ಷ ಇತ್ತು ಅಂದೆ. ಡಾಲರಿಗೆ ಬದಲಿಸಿ ಹೇಳಿದೆ. ಆಗ ಇಲ್ಲಿ ಅದೇ ಜಿಟಿ 33 ಸಾವಿರದಿಂದ ಶುರು, ಅಂದರೆ ಅಂದಿನ ಲೆಕ್ಕಕ್ಕೆ 22 ಲಕ್ಷ. ನಮಗೆ ಬಂದದ್ದು ಎಲ್ಲ ಸೌಲಭ್ಯ ಇದ್ದ ಆಟೊಮ್ಯಾಟಿಕ್ ನಿಜ, ಆದರೂ ಸುಂಕ ಸೇರಿ ಹತ್ತತ್ತಿರ ಮೂರು ಪಟ್ಟು. ಎಂಜಿನ್ನಿನ ಶಕ್ತಿ ಮಾತ್ರ ಇಲ್ಲಿಗಿಂತ ಕಮ್ಮಿ. ಮಸ್ಟಾಂಗ್ ತಯಾರಾಗುವ ಫ್ಲಾಟ್ ರಾಕ್ ಊರು ಇಲ್ಲೇ ಹತ್ತಿರದಲ್ಲಿದೆ. ಅಜ್ಜ ಕೆಮ್ಮುವಷ್ಟು ನಕ್ಕರು. "ನಾವು ಅಗ್ಗದ ಕಾರು ಅಂತ ಮಾಡಿದ್ದನ್ನ ನೀವು ಪೋರ್ಶೆ ರೇಟಿಗೆ ತಗೊಂಡ್ರಾ?"

ನಗು ನನಗೂ ಬಂತು. ಸ್ವಲ್ಪ ಚುರುಕ್ ಅಂತಲೂ ಅನ್ನಿಸಿತು.

ಯಾಕೆಂದರೆ ಅಜ್ಜ ದುಡ್ಡು ಕೊಟ್ಟರೂ ಸಿಗದು ಅನ್ನುವ ತಿರುವುಗಳು ನಮ್ಮ ಮೂಡಿಗೆರೆ ಕಡೆ ಪುಕ್ಕಟೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿದು ನೋಡಿ. ನಮ್ಮ ಚಿಕ್ಕಪ್ಪ ಆ ಘಾಟಿಯನ್ನು ಮಾರುತಿ ಜಿಪ್ಸಿಯಲ್ಲಿ ಇಳಿಸುತ್ತಿದ್ದರು. 1.3 ಲೀಟರ್, 80 ಎಚ್‌ಪಿ, ಸುಮಾರು ಒಂದು ಟನ್ ತೂಕ. ಮಳೆಗಾಲದಲ್ಲಿ ಗಾಜಿಗೆ ಮಂಜು ಹಿಡಿದರೆ ಬೀಡಿ ಬಿಚ್ಚಿ ಹೊಗೆಸೊಪ್ಪನ್ನು ಗಾಜಿಗೆ ಉಜ್ಜುತ್ತಿದ್ದರು. ಸೆಕೆಂಡ್ ಗೇರ್, ತಿರುವಿಗೆ ಮುಂಚೆ ಒಂದು ಉದ್ದ ಹಾರ್ನ್. ಬ್ರೇಕ್ ಮೇಲೆ ಕಾಲಿಟ್ಟದ್ದು ನಾನು ನೋಡಿದ್ದೇ ಕಡಿಮೆ. ಕಾಫಿ ಸೀಮೆಯ ಹುಡುಗರಿಗೆ ರ್‍ಯಾಲಿ ಹುಚ್ಚು ಸುಮ್ನೆ ಹಿಡಿದದ್ದಲ್ಲ.

ಮೊನ್ನೆ ಚಿಕ್ಕಪ್ಪನ ಮಗ ಫೋನ್ ಮಾಡಿದ. ಕಾಫಿಗೆ ಒಳ್ಳೆ ರೇಟು ಬಂದಿದೆ. "ಅಣ್ಣಾ, ಅಲ್ಲಿ ಸೆಕೆಂಡ್ ಹ್ಯಾಂಡ್ ಮಸ್ಟಾಂಗ್ ಅಗ್ಗ ಅಲ್ವಾ? ಒಂದು ಕಳಿಸಕ್ಕಾಗುತ್ತಾ?"

ಸ್ಟೀರಿಂಗ್ ಎಡಗಡೆ ಇರುವುದನ್ನು ಒಳಗೆ ಬಿಡಲ್ಲ, ಮೂರು ವರ್ಷಕ್ಕಿಂತ ಹಳೇದಾದರೂ ಬಿಡಲ್ಲ ಅಂದೆ. ಅವನು ಬೇಜಾರೇನೂ ಮಾಡಿಕೊಳ್ಳಲಿಲ್ಲ. ಹಾಗಾದ್ರೆ ಇಲ್ಲೇ ಒಂದು ದೊಡ್ಡ ಎಸ್‌ಯುವಿ ಬುಕ್ ಮಾಡ್ತೀನಿ ಅಂದ.

ತೋಟದ ಕೆಲಸದವರ ಲೈನ್ ಮನೆಗಳಿಗೆ ಹೋಗುವ ರಸ್ತೆ ಏನಾಯಿತು ಅಂತ ಕೇಳಿದೆ. ಹೋದ ಮಳೆಗಾಲದಲ್ಲಿ ಕೊಚ್ಚಿಹೋದ ಮೋರಿ ಹಾಗೇ ಇದೆಯಂತೆ. ಕೆಲಸದವರ ಮಕ್ಕಳು ಶಾಲೆಗೆ ಸುತ್ತು ಹಾಕಿ ಹೋಗುತ್ತಾರಂತೆ.

"ಅದಕ್ಕೇ ಅಣ್ಣಾ, ಫೋರ್ ವೀಲ್ ಡ್ರೈವ್ ತಗೊಳ್ತಿರೋದು" ಅಂದ.